ಮಳೆಗಾಲದಲ್ಲಿ ಇಂಕಿಂಗ್ (ಪೆನ್ಸಿಲ್ ಚಿತ್ರದ ಮೇಲೆ ಇಂಕು ಹಾಕೋದು): ಕಪ್ಪು ಬೂದಾಗ್ತದೆ, ಗೆರೆ ಬೇರು ಬಿಡ್ತದೆ. ತಪ್ಪು ಕೈಯದ್ದಾ, ಹಾಳೆಯದ್ದಾ?

ದೇವಬಾಗ ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಎಂಟು ಪುಟದ ಚಿತ್ರಕಥೆ. ವಸ್ತು ಯಕ್ಷಗಾನ ಬಯಲಾಟದ ಒಂದು ರಾತ್ರಿ: ಚೌಕಿಮನೆ (ವೇಷ ಕಟ್ಟುವ ಜಾಗ), ಬಣ್ಣ ಹಚ್ಚೋದು, ರಂಗಸ್ಥಳ, ಬೆಳಗಿನ ಜಾವ. ಹಾಗಾಗಿ ಕಪ್ಪು ಬಹಳ ಇದೆ. ಮುದ್ರಣ ಎ4, ಬರೆಯೋದು ಎ3ಯಲ್ಲಿ.

ಸಾಮಾನು ಇಷ್ಟು: 140 ಜಿಎಸ್‌ಎಂ (ಚದರ ಮೀಟರಿಗೆ 140 ಗ್ರಾಂ ತೂಕದ) ಕಾರ್ಟ್ರಿಜ್ ಡ್ರಾಯಿಂಗ್ ಹಾಳೆ, ಎಚ್‌ಬಿ ಪೆನ್ಸಿಲ್, ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು, ಅದ್ದಿ ಬರೆಯುವ ಜಿ ನಿಬ್ಬು (ಒತ್ತಿದಷ್ಟೂ ಗೆರೆ ದಪ್ಪವಾಗುವಂಥದ್ದು), ಕಪ್ಪು ತುಂಬಲಿಕ್ಕೆ 3 ನಂಬರಿನ ರೌಂಡ್ ಬ್ರಶ್.

ಮೊದಲ ಎರಡು ಪುಟದಲ್ಲಿ ಕಂಡ ತೊಂದರೆ:

1. ಮುಂಡಾಸಿಗೆ ತುಂಬಿದ ಕಪ್ಪು ಚೆನ್ನಾಗಿಯೇ ಇತ್ತು. ಪೆನ್ಸಿಲ್ ಅಳಿಸಲು ರಬ್ಬರ್ ಹಾಕಿದ ಮೇಲೆ ಬೂದಿ ಬಣ್ಣ.
2. ಗೆರೆ ಬೇರು ಬಿಡ್ತದೆ, ಅಂದರೆ ಇಂಕು ಅಂಚು ದಾಟಿ ಬೇರಿನ ಹಾಗೆ ಹರಡ್ತದೆ. ಮುಖ, ಕೈಬೆರಳಿನ ಹತ್ತಿರ ಹೆಚ್ಚು. ಅದೇ ಹಾಳೆಯಲ್ಲಿ ಕಂಬ, ಚಪ್ಪರದ ಗೆರೆ ಚೊಕ್ಕ ಬಂದಿದೆ.
3. ಚೌಕಟ್ಟು ಎಳೆದು ಸ್ಕೇಲ್ ಎತ್ತಿದರೆ ಅಡಿಗೆ ಇಂಕು ನುಗ್ಗಿರ್ತದೆ.
4. ತಪ್ಪಿನ ಮೇಲೆ ವೈಟ್ನರ್ ಹಚ್ಚಿದರೆ ಅದರ ಮೇಲೆ ನಿಬ್ಬು ಓಡೋದಿಲ್ಲ. ಪೋಸ್ಟರ್ ಕಲರಿನ ಬಿಳಿ ಹಚ್ಚಿದರೆ ಅದೇ ಬೂದಾಗ್ತದೆ.

ಜೊತೆಗೆ ಹಾಳೆ ಹಪ್ಪಳದ ಹಾಗೆ ಎದ್ದಿದೆ. ಈ ಎರಡು ಪುಟ ಹರಿದು ಹೊಸದಾಗಿ ಶುರು ಮಾಡೋದಾ, ಸರಿ ಮಾಡಲಿಕ್ಕೆ ದಾರಿ ಇದೆಯಾ?


ಮಸಿಕುಡಿಕೆ (ಶಿರಸಿ)

ಹರಿಯಬೇಡಿ. ಏನು ತಪ್ಪಿದೆ ಅಂತ ಹೇಳೋದು ಆ ಹಾಳೆಗಳೇ.

ನಿಮ್ಮ ಎರಡನೇ ಅಂಶದಲ್ಲೇ ಅರ್ಧ ಉತ್ತರ ಇದೆ. ಇಡೀ ಹಾಳೆಯಲ್ಲಿ ಗೆರೆ ಹರಡಿದರೆ ದೋಷ ಹಾಳೆಯದ್ದು, ಇಂಕಿನದ್ದು ಇಲ್ಲಾ ಥಂಡಿಯದ್ದು (ಗಾಳಿಯ ತೇವದ್ದು). ಮುಖ, ಬೆರಳು ಅಂತ ಕೆಲವೇ ಕಡೆ ಹರಡಿದರೆ ಅದು ರಬ್ಬರಿನ ಕೆಲಸ. ಕಂಬವನ್ನು ಒಂದೇ ಸಲಕ್ಕೆ ಬರೀತೇವೆ, ಮುಖವನ್ನು ಐದು ಸಲ ಅಳಿಸಿ ತಿದ್ದುತೇವೆ. ಇಂಕು ಒಳಗೆ ಇಳಿಯದಿರಲಿ ಅಂತ ಕಾಗದ ತಯಾರಿಸುವಾಗಲೇ ಸೈಜಿಂಗ್ ಅಂತ ಒಂದು ಅಂಟಿನ ಅಂಶ ಸೇರಿಸಿರ್ತಾರೆ. ತಿಕ್ಕಿ ತಿಕ್ಕಿ ಆ ಮೇಲ್ಪದರ ಕಿತ್ತುಹೋದರೆ ನಾರು ಬತ್ತಲಾಗ್ತದೆ, ಇಂಕು ನಾರು ಹಿಡಿದು ಹೊರಡ್ತದೆ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓರೆ ಬೆಳಕಲ್ಲಿ ನೋಡಿ: ತಿಕ್ಕಿದ ಜಾಗ ಮಂಕಾಗಿ, ಜುಂಗು ಎದ್ದ ಹಾಗೆ ಕಾಣ್ತದೆ. ಅಲ್ಲಿ ಎಷ್ಟೇ ಒಳ್ಳೆ ನಿಬ್ಬು ಇಟ್ಟರೂ ಅಷ್ಟೇ.

ಹಾಗಾಗಿ ತಿದ್ದುಪಡಿಯ ಜಗಳ ಎಲ್ಲ ಬೇರೆ ಅಗ್ಗದ ಹಾಳೆಯಲ್ಲಿ ಮುಗಿಸಬೇಕು. ರಫ್ ಪಕ್ಕಾ ಆದ ಮೇಲೆ ಅದರ ಮೇಲೆ ಕಾರ್ಟ್ರಿಜ್ ಇಟ್ಟು ಕೆಳಗಿಂದ ಬೆಳಕು ಬಿಟ್ಟು ತೆಳುವಾಗಿ ನಕಲು ತೆಗೀರಿ. ಎರಡು ಪುಸ್ತಕದ ರಾಶಿ, ಮೇಲೆ ಒಂದು ಗಾಜು, ಅಡಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬು. ಇಷ್ಟರಲ್ಲಿ 140 ಜಿಎಸ್‌ಎಂ ದಾಟಿ ಗೆರೆ ಕಾಣ್ತದೆ. ದಪ್ಪನೆಯ 250 ಜಿಎಸ್‌ಎಂ ಐವರಿ ಶೀಟಿಗೆ ಇದು ಸಾಲೋದಿಲ್ಲ. ಅದಕ್ಕೆ ಟ್ರೇಸಿಂಗ್ ಹಾಳೆಯ ಹಿಂದೆ ಪೆನ್ಸಿಲ್ ತಿಕ್ಕಿ ಅಚ್ಚು ಒತ್ತಬೇಕು.

ಇನ್ನು ಥಂಡಿ. ನಿಮ್ಮಲ್ಲಿ ಸಮುದ್ರದ ಗಾಳಿ, ನಮ್ಮಲ್ಲಿ ಘಟ್ಟದ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಚ್ಚಿಟ್ಟ ಹಾಳೆ ಗಾಳಿಯ ನೀರು ಕುಡೀತಾನೇ ಇರ್ತದೆ. ದೋಷ ಥಂಡಿಯದ್ದೋ ಅಲ್ಲವೋ ಅಂತ ಊಹಿಸುತ್ತ ಕೂರಬೇಡಿ, ಪಟ್ಟಿ ಮಾಡಿ ನೋಡಿ. ಅದೇ ಕಟ್ಟಿನ ಒಂದು ಹಾಳೆಯಿಂದ 3 ಸೆಂ.ಮೀ. ಅಗಲದ ಮೂರು ಪಟ್ಟಿ ಕತ್ತರಿಸಿ.

ಒಂದನೇ ಪಟ್ಟಿ ಇದ್ದ ಹಾಗೇ ಇರಲಿ. ಎರಡನೆಯದನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ 24 ಗಂಟೆ ಇಡಿ. ಮೂರನೆಯದನ್ನೂ ಹಾಗೇ ಒಣಗಿಸಿ, ಆಮೇಲೆ ನಡುವೆ ಒಂದಿಂಚು ಜಾಗವನ್ನು ರಬ್ಬರಿನಿಂದ ಇಪ್ಪತ್ತು ಸಲ ಗಟ್ಟಿಯಾಗಿ ತಿಕ್ಕಿ. ಮೂರಕ್ಕೂ ಅದೇ ನಿಬ್ಬು, ಅದೇ ಇಂಕು: ಒಂದು ತೆಳು ಗೆರೆ, ಒಂದು ದಪ್ಪ ಗೆರೆ, ಒಂದು ಅಡ್ಡ ಹೆಣಿಗೆ (ಒಂದರ ಮೇಲೊಂದು ದಾಟುವ ಗೆರೆಗಳ ಜಾಲ), 1 ಸೆಂ.ಮೀ. ಕಪ್ಪು ಚೌಕ.

ಒಂದನೇ ಪಟ್ಟಿ ಹರಡಿ ಎರಡನೆಯದು ಚೊಕ್ಕ ಬಂದರೆ ಥಂಡಿ. ಎರಡೂ ಹರಡಿದರೆ ಹಾಳೆ ಅಥವಾ ಇಂಕು. ಆಗ ಅದೇ ಇಂಕನ್ನು ಬೇರೆ ಹಾಳೆಯ ಮೇಲೆ ನೋಡಿ. ಮೂರನೆಯದರ ನಡುಭಾಗ ಮಾತ್ರ ಕೆಟ್ಟರೆ ರಬ್ಬರ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅದೇ ಮುಖ್ಯ. ಸಿಟ್ಟಿನಲ್ಲಿ ಹಾಳೆ, ನಿಬ್ಬು, ಇಂಕು ಮೂರನ್ನೂ ಒಟ್ಟಿಗೆ ಬದಲಿಸಿ "ಈಗ ಸರಿ ಆಯ್ತು" ಅಂದರೆ ಯಾವುದರಿಂದ ಸರಿ ಆಯ್ತು ಅಂತ ಯಾವತ್ತಿಗೂ ಗೊತ್ತಾಗೋದಿಲ್ಲ.

ಸಿಲಿಕಾ ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ. ಸಾಮಾನ್ಯವಾಗಿ ನೀರು ಕುಡಿದ ಮೇಲೆ ಹಸಿರಾಗ್ತದೆ. ನೀಲಿಯದು ಗುಲಾಬಿ ಆಗ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇರ್ತದೆ. ಅಡಿಗೆ ಮನೆಗೆ ತರುವಂಥದ್ದಲ್ಲ. ಕುಡಿದ ಜೆಲ್ ಅನ್ನು 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರ್ತದೆ. ಅಕ್ಕಿ ಹಾಕಿಡೋದರಿಂದ ಹೆಚ್ಚು ಪ್ರಯೋಜನ ಇಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹಾಳೆ ಒಣಗ್ತದೆ ಖರೆ, ಹೊಗೆ ಹಿಡಿದು ಹಳದಿಯೂ ಆಗ್ತದೆ.

ಕಪ್ಪು ಬೂದಾಗೋದಕ್ಕೆ ಎರಡು ಕಾರಣ. ವಾಟರ್‌ಪ್ರೂಫ್ ಇಂಕು ಅಂದರೆ ಇಂಗಾಲದ ಪುಡಿ, ಅದನ್ನು ಕಾಗದಕ್ಕೆ ಕಚ್ಚಿಸುವ ಅರಗು ಅಥವಾ ಅದರಂಥ ಅಂಟು. ಅಂಟು ಪೂರ್ತಿ ಗಟ್ಟಿಯಾಗುವ ಮೊದಲು ತಿಕ್ಕಿದರೆ ಇಂಗಾಲ ಎದ್ದು ಬರ್ತದೆ. ಎರಡನೆಯದು, ಅಡಿಯಲ್ಲಿ ಎಚ್‌ಬಿ ಪೆನ್ಸಿಲ್ಲಿನ ದಪ್ಪ ಪದರ ಇದ್ದರೆ ಇಂಕು ಕೂತಿರೋದು ಕಾಗದದ ಮೇಲಲ್ಲ, ಪೆನ್ಸಿಲ್ ಪುಡಿಯ ಮೇಲೆ. ಪುಡಿ ಎದ್ದಾಗ ಇಂಕೂ ಜೊತೆಗೇ ಹೋಗ್ತದೆ. ಇಂಕಿಂಗ್‌ಗೆ ಮೊದಲು ಹಿಟ್ಟಿನ ಹಾಗೆ ನಾದುವ ರಬ್ಬರನ್ನು ಒತ್ತಿ ಒತ್ತಿ ಎತ್ತಿ, ಪೆನ್ಸಿಲ್ ಕಂಡೂ ಕಾಣದಷ್ಟು ತಿಳಿ ಮಾಡಿ. 2ಎಚ್ ಬಳಸಿದರೆ ಮಸಿ ಕಡಿಮೆ, ಆದರೆ ಒತ್ತಿ ಬರೆದರೆ ಕಾಗದದಲ್ಲಿ ಗೀರು ಬೀಳ್ತದೆ; ಆ ಗೀರಿನಲ್ಲಿ ಇಂಕು ಓಡ್ತದೆ.

ಒಣಗುವ ಹೊತ್ತು ಹೀಗೆ ಇಟ್ಟುಕೊಳ್ಳಿ. ನಿಬ್ಬಿನ ಗೆರೆಗೆ ಬೇಸಿಗೆಯಲ್ಲಿ 15 ನಿಮಿಷ, ಈಗ ಕನಿಷ್ಠ ಎರಡು ಗಂಟೆ. ಬ್ರಶ್ಶಿನಿಂದ ತುಂಬಿದ ಕಪ್ಪಿಗೆ ಮಳೆಗಾಲದಲ್ಲಿ ಒಂದು ಹಗಲು ಒಂದು ರಾತ್ರಿ. ಗಡಿಯಾರಕ್ಕಿಂತ ಗಟ್ಟಿ ಉಪಾಯ ಸಾಕ್ಷಿ ಗೆರೆ: ಪುಟದ ಕೊನೇ ಕಪ್ಪು ತುಂಬಿದ ಕೂಡಲೇ ಅದೇ ಬ್ರಶ್ಶಿನಿಂದ ಮಾರ್ಜಿನ್ನಲ್ಲಿ ಒಂದು ದಪ್ಪ ಬೊಟ್ಟು ಇಡಿ. ರಬ್ಬರನ್ನು ಮೊದಲು ಆ ಬೊಟ್ಟಿನ ಮೇಲೆ ಹಾಕಿ ನೋಡಿ. ಅದು ಕದಲಿದರೆ ಪುಟ ಮುಟ್ಟಬೇಡಿ. ದೊಡ್ಡ ಕಪ್ಪಿಗೆ ಎರಡು ಕೋಟು ಹೇಗೂ ಬೇಕು. ಎರಡನೇದನ್ನು ರಬ್ಬರ್ ಹಾಕಿದ ಮೇಲೆಯೇ ಕೊಡಿ. ಈಗ ಬೂದಾದ ನಿಮ್ಮ ಮುಂಡಾಸಿಗೂ ಮದ್ದು ಅದೇ, ಇನ್ನೊಂದು ಕೋಟು.

ಹೇರ್ ಡ್ರೈಯರ್ ಮಾತ್ರ ಬೇಡವೇ ಬೇಡ.

ಸ್ಕೇಲಿನ ವಿಷಯ ಸಣ್ಣದು. ಕಾಗದಕ್ಕೂ ಸ್ಕೇಲಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿಗೆ ಇಂಕು ತಾನಾಗಿ ಹೀರಿಕೊಳ್ತದೆ. ಅಂಚು ಕಾಗದಕ್ಕೆ ತಾಗಬಾರದು. ಇಳಿಜಾರು ಅಂಚಿನ ಸ್ಕೇಲ್ ಆದರೆ ಮಗುಚಿ ಇಡಿ, ಅಂಚು ಮೇಲೇಳ್ತದೆ. ಸಪಾಟು ಸ್ಕೇಲ್ ಆದರೆ ಅಡಿಗೆ ಎರಡು ತುದಿಯಲ್ಲಿ ರಟ್ಟಿನ ತುಂಡು ಅಂಟಿಸಿ, 1 ಮಿ.ಮೀ. ಎತ್ತರ ಸಾಕು. ಸ್ಕೇಲನ್ನು ಎಳೆದು ತೆಗೀಬೇಡಿ, ನೇರ ಮೇಲಕ್ಕೆ ಎತ್ತಿ.


ಅಘನಾಶಿನಿ (ಕುಮಟಾ)

ಮಸಿಕುಡಿಕೆಯವರು ಹೇಳಿದ್ದಕ್ಕೆ ಒಂದೇ ತಕರಾರು. ಡ್ರೈಯರ್ ಬೇಡ ಅನ್ನೋದು ಬಿಸಿ ಗಾಳಿಗೆ ಸರಿ. ಬಿಸಿ ಬಿದ್ದರೆ ದಪ್ಪ ಇಂಕಿನ ಮೇಲೆ ಕೆನೆ ಕಟ್ತದೆ, ಒಳಗೆ ಹಸಿಯೇ ಉಳೀತದೆ. ಹಾಳೆಯ ಒಂದೇ ಮಗ್ಗುಲು ಒಣಗಿ ಮುರುಟ್ತದೆ. ತಣ್ಣನೆ ಗಾಳಿಯ ಸ್ವಿಚ್ಚು ಇದ್ದರೆ, ಒಂದು ಅಡಿ ದೂರದಿಂದ, ತೆಳು ಗೆರೆಗೆ ಅಡ್ಡಿ ಇಲ್ಲ. ಮೇಲಿನ ಫ್ಯಾನ್ ಕೂಡ ಅದೇ ಕೆಲಸ ಮಾಡ್ತದೆ, ಆದರೆ ಬರೆಯುವಾಗ ಫ್ಯಾನ್ ಬೇಡ: ನಿಬ್ಬಿನ ತುದಿಯಲ್ಲೇ ಇಂಕು ಒಣಗಿ ಗೆರೆ ಹಿಡೀತದೆ.

ಈಗ ರಿಪೇರಿ. ತಪ್ಪಿನ ಗಾತ್ರ ನೋಡಿ ದಾರಿ ಆರಿಸಬೇಕು.

ಸಾಸಿವೆ ಕಾಳಿನಷ್ಟು ಚುಕ್ಕೆ, ಗೆರೆಯ ಅಂಚು ದಾಟಿದ ಇಂಕು, ಇದಕ್ಕೆಲ್ಲ ಬಿಳಿ ಸಾಕು. ಅಂಗಡಿಯ ವೈಟ್ನರ್ ಬೇಡ. ಅದು ದಿಬ್ಬ ಕಟ್ತದೆ, ನಿಬ್ಬಿನ ಸೀಳಿಗೆ ಅದರ ಪುಡಿ ಸಿಕ್ಕಿ ಮುಂದಿನ ಹತ್ತು ಗೆರೆಯೂ ಹಾಳು. ಟೈಟಾನಿಯಂ ವೈಟ್ ಅಂತ ಬರೆದಿರುವ ಗೌಷ್ (ಅಡಿಯದನ್ನು ಮುಚ್ಚುವ ನೀರುಬಣ್ಣ) ಅಥವಾ ಪೋಸ್ಟರ್ ಕಲರ್ ತಗೊಳ್ಳಿ. ಜಿಂಕ್ ವೈಟ್ ಅಷ್ಟು ಮುಚ್ಚೋದಿಲ್ಲ. ನಿಮ್ಮ ಬಿಳಿ ಬೂದಾಗಿದ್ದು ಅಡಿಯ ಇಂಕು ಒಣಗುವ ಮೊದಲೇ ಹಚ್ಚಿದ್ದಕ್ಕೆ, ಇಲ್ಲಾ ಕಪ್ಪಿನ ಬ್ರಶ್ಶನ್ನೇ ತೊಳೆದು ಬಳಸಿದ್ದಕ್ಕೆ. ಬಿಳಿಗೆ ಒಂದು ಬ್ರಶ್ಶು, ಒಂದು ನೀರಿನ ಲೋಟ ಬೇರೆಯೇ ಇರಲಿ. ಹದ ಗಟ್ಟಿ ಮಜ್ಜಿಗೆಯಷ್ಟು. ಒಂದು ತೆಳು ಕೋಟು, ಒಣಗಿದ ಮೇಲೆ ಇನ್ನೊಂದು. ಬ್ರಶ್ಶನ್ನು ಹಿಂದೆ ಮುಂದೆ ಆಡಿಸಬೇಡಿ. ಒಂದೇ ದಿಕ್ಕಿಗೆ ಒಂದು ಸಲ ಎಳೆದು ಬಿಡಿ. ಆ ಬಿಳಿಯ ಮೇಲೆ ಮತ್ತೆ ಕಪ್ಪು ಗೆರೆ ಬೇಕಾದರೆ ನಿಬ್ಬು ಬೇಡ, ಅದು ಸುಣ್ಣದ ಗೋಡೆ ಗೀಚಿದ ಹಾಗೆ ಬಿಳಿಯನ್ನೇ ಕೆರೆದು ತೆಗೀತದೆ. ಸಣ್ಣ ಬ್ರಶ್ಶಿನ ತುದಿ ಅಥವಾ 0.3 ಮಿ.ಮೀ. ತುದಿಯ ಪಿಗ್ಮೆಂಟ್ ಪೆನ್ನು (ನೀರಿಗೆ ಕರಗದ ಇಂಕಿನದ್ದು) ಹಗುರಾಗಿ ಓಡಿಸಿ.

ಗೆರೆಯಷ್ಟು ಉದ್ದದ ತಪ್ಪು, ಬಿಳಿ ಹಚ್ಚಿದರೆ ಎದ್ದು ಕಾಣುವಂಥ ಜಾಗ: ಬ್ಲೇಡಿನಿಂದ ಕೆರೆಯೋದು. ಇದು 250 ಜಿಎಸ್‌ಎಂ ಐವರಿ, ಬ್ರಿಸ್ಟಲ್‌ನಂಥ ದಪ್ಪ ಹಾಳೆಗೆ ಮಾತ್ರ. ನಿಮ್ಮ 140ರಲ್ಲಿ ಎರಡನೇ ಎಳೆತಕ್ಕೆ ತೂತು ಬೀಳ್ತದೆ. ಇಂಕು ಒಂದು ದಿನ ಒಣಗಿರಬೇಕು. ಹೊಸ ಬ್ಲೇಡು, ಹೆಚ್ಚುಕಡಿಮೆ ಮಲಗಿಸಿ, ಒಂದೇ ದಿಕ್ಕಿಗೆ, ಒತ್ತಡ ಇಲ್ಲದೆ. ಇಂಕು ಪುಡಿಯಾಗಿ ಏಳಬೇಕು; ಚಕ್ಕೆಯಾಗಿ ಎದ್ದರೆ ಬ್ಲೇಡು ಆಳಕ್ಕೆ ಇಳಿದಿದೆ ಅಂತ ಅರ್ಥ. ಆಮೇಲೆ ಮೆತ್ತನೆ ರಬ್ಬರಿನಿಂದ ಪುಡಿ ತೆಗೆದು, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ ನಾರನ್ನು ಮಲಗಿಸಿ. ಸೈಜಿಂಗ್ ಹೋಗಿರ್ತದೆ, ಹಾಗಾಗಿ ಅಲ್ಲಿ ಮತ್ತೆ ಬರೆಯುವಾಗ ನಿಬ್ಬಿನಲ್ಲಿ ಇಂಕು ತೀರಾ ಕಡಿಮೆ ಇರಲಿ.

ಇಡೀ ಮುಖ ಕೆಟ್ಟಿದ್ದರೆ ತೇಪೆ. ಇದನ್ನು ಕಲಿತವರು ಪುಟ ಹರಿಯೋದಿಲ್ಲ. ಅದೇ ಕಟ್ಟಿನ ಹಾಳೆಯ ತುಂಡನ್ನು ಕೆಟ್ಟ ಜಾಗದ ಅಡಿಗೆ ಇಡಿ, ಅಲುಗದ ಹಾಗೆ ಟೇಪು ಹಚ್ಚಿ. ಈಗ ಹರಿತವಾದ ಕಟ್ಟರಿನಿಂದ ಎರಡೂ ಹಾಳೆಯನ್ನು ಒಟ್ಟಿಗೆ ಕೊಯ್ಯಿರಿ. ಕೊಯ್ತ ಆದಷ್ಟು ಚೌಕಟ್ಟಿನ ಗೆರೆ, ಕೂದಲಿನ ಕಪ್ಪು, ಅಂಗಿಯ ಅಂಚು ಹೀಗೆ ಇರುವ ಕಪ್ಪಿನ ಮೇಲೇ ಹೋಗಲಿ, ಸಂದು ಅಲ್ಲಿ ಅಡಗ್ತದೆ. ಮೇಲಿನ ಕೆಟ್ಟ ತುಂಡು ತೆಗೆದರೆ ಅಡಿಯ ಹೊಸ ತುಂಡು ಅದೇ ತೂತಿಗೆ ಸರಿಯಾಗಿ ಕೂರ್ತದೆ, ಒಂದೇ ಸಲಕ್ಕೆ ಕೊಯ್ದಿದ್ದರಿಂದ ಅಳತೆ ತಪ್ಪುವ ಪ್ರಶ್ನೆಯೇ ಇಲ್ಲ. ಹಿಂದುಗಡೆ ಮೆಡಿಕಲ್ ಅಂಗಡಿಯ ಕಾಗದದ ಟೇಪು ಹಚ್ಚಿ. ಸೆಲ್ಲೋ ಟೇಪು ಬೇಡ. ಕಾಲ ಕಳೆದ ಹಾಗೆ ಹಳದಿಯಾಗಿ ಅಂಟು ಮುಂದುಗಡೆಗೆ ಇಳೀತದೆ. ಅಂಟಿಸಿ ಆದ ಮೇಲೆ ಬರೆಯಿರಿ, ಮೊದಲೇ ಬರೆದು ಅಂಟಿಸಿದರೆ ಗೆರೆ ಕೂಡೋದಿಲ್ಲ. ಮತ್ತೆ, ಸಂದಿನ ಮೇಲೆ ನಿಬ್ಬು ದಾಟಿಸಬೇಡಿ, ಇಂಕು ಸಂದಿಗೆ ಇಳೀತದೆ. ಎರಡು ಕಡೆಯಿಂದ ಸಂದಿನ ತನಕ ಬಂದು ನಿಲ್ಲಿಸಿ, ನಡುವಿನದನ್ನು ಬ್ರಶ್ಶಿನ ತುದಿಯಿಂದ ಮುಟ್ಟಿ.


ದೇವಬಾಗ ದಂಡೆ (ಕಾರವಾರ)

ಇಬ್ಬರಿಗೂ ಧನ್ಯವಾದ. ಪಟ್ಟಿ ನೋಡಿ ಆಯ್ತು. ಒಂದನೆಯದು ಸ್ವಲ್ಪ ಹರಡಿದೆ, ಎರಡನೆಯದು ಚೊಕ್ಕ, ಮೂರನೆಯದರ ನಡುಭಾಗ ಪೂರ್ತಿ ಬೇರು. ಅಂದರೆ ಥಂಡಿ ಸ್ವಲ್ಪ, ರಬ್ಬರ್ ಬಹಳ. ಕೈಯದ್ದಲ್ಲ ಅಂತ ಸಮಾಧಾನ.

ಇನ್ನೆರಡು ಪ್ರಶ್ನೆ. ದಪ್ಪ ಗೆರೆ ಎಳೆಯುವಾಗ ನಡುವೆ ಖಾಲಿ ಬಿಟ್ಟು ಎರಡು ಸಮಾನಾಂತರ ಗೆರೆ ಬರ್ತದೆ, ಕೊಂಕಣ ರೈಲ್ವೆ ಹಳಿಯ ಹಾಗೆ. ಹೊಸ ನಿಬ್ಬಿನಲ್ಲಿ ಇಂಕು ನಿಲ್ಲೋದೂ ಇಲ್ಲ, ಒಮ್ಮೆಲೇ ತೊಟ್ಟಿಕ್ತದೆ. ಮತ್ತೆ ಮಾತಿನ ಗುಳ್ಳೆಯಲ್ಲಿ ಜಾಗವೇ ಸಾಲ್ತಾ ಇಲ್ಲ. 4 ಮಿ.ಮೀ. ಅಕ್ಷರ, ಸಾಲಿನ ನಡುವೆ 2 ಮಿ.ಮೀ. ಬಿಟ್ಟಿದ್ದು.


ಮಸಿಕುಡಿಕೆ (ಶಿರಸಿ)

ಕೈಯದ್ದು ಅಲ್ಲವೇ ಅಲ್ಲ ಅಂತ ಯಾರು ಹೇಳಿದ್ದು? ಹಳಿ ಬೀಳೋದು ಕೈಯಿಂದಲೇ. ನಿಬ್ಬಿನ ಎರಡು ಕಾಲು ಅಗಲಿಸಿದಷ್ಟೂ ನಡುವಿನ ಇಂಕಿನ ಪೊರೆ ತೆಳುವಾಗ್ತದೆ, ಒಂದು ಹಂತದಲ್ಲಿ ಹರಿದು ಎರಡು ಕಾಲು ಎರಡು ಗೆರೆ ಎಳೀತವೆ. ಒತ್ತಡ ಹೆಚ್ಚು, ವೇಗ ಹೆಚ್ಚು, ಇಂಕು ಕಡಿಮೆ, ಈ ಮೂರರಲ್ಲಿ ಒಂದು. 1 ಮಿ.ಮೀ.ಗಿಂತ ದಪ್ಪ ಗೆರೆ ಬೇಕಾದರೆ ಜಿ ನಿಬ್ಬನ್ನು ಹಿಂಸೆ ಮಾಡಬೇಡಿ, ಎರಡು ಗೆರೆ ಎಳೆದು ನಡುವೆ ತುಂಬಿ, ಇಲ್ಲಾ ಬ್ರಶ್ ತಗೊಳ್ಳಿ. ಇನ್ನೊಂದು ಕಾರಣ ಇಂಕು ಗಟ್ಟಿಯಾಗಿರೋದು. ದೊಡ್ಡ ಬಾಟಲಿಗೇ ಅದ್ದುತ್ತಾ ಮುಚ್ಚಳ ತೆರೆದಿಟ್ಟರೆ ನೀರು ಆರಿ ಗಟ್ಟಿಯಾಗ್ತದೆ. 10 ಮಿ.ಲೀ. ಮಾತ್ರ ಸಣ್ಣ ಬಾಟಲಿಗೆ ಬಗ್ಗಿಸಿಕೊಳ್ಳಿ. ಗಟ್ಟಿ ಅನ್ನಿಸಿದರೆ ಡಿಸ್ಟಿಲ್ಡ್ ನೀರು ಎರಡು ಮೂರು ಹನಿ. ಗಡಸು ಬಾವಿ ನೀರು ಹಾಕಿದರೆ ಇಂಕು ಒಡೆದು ಹರಳಾಗಬಹುದು. ಉಳಿದಿದ್ದನ್ನು ದೊಡ್ಡ ಬಾಟಲಿಗೆ ವಾಪಸ್ ಹೊಯ್ಯಬೇಡಿ. ಎರಡು ಕಂಪನಿಯ ಇಂಕು ಬೆರೆಸೋದೂ ಬೇಡ. ಬಾಟಲಿಯನ್ನು ಕುಲುಕಬೇಡಿ, ಗುಳ್ಳೆ ಬರ್ತದೆ. ಅಂಗೈ ನಡುವೆ ಉರುಳಿಸಿ.

ಹೊಸ ನಿಬ್ಬು ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಎಣ್ಣೆಯ ಲೇಪ ಕೊಟ್ಟಿರ್ತಾರೆ. ನೀರಿಗೆ ಅದ್ದಿ ನೋಡಿ: ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಗುಂಡಗೆ ನಿಂತರೆ ಎಣ್ಣೆ ಇದೆ, ಹಾಳೆಯಾಗಿ ಹರಡಿದರೆ ಹೋಗಿದೆ. ಸ್ಪಿರಿಟ್‌ನಿಂದ ಒರೆಸಿ, ಅದಿಲ್ಲದಿದ್ದರೆ ಹಳೇ ಬ್ರಶ್ಶಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯಿರಿ. ಬೆಂಕಿಗೆ ಹಿಡಿಯೋದು ಹಳೇ ಪದ್ಧತಿ, ಕಣ್ಣು ಮಿಟುಕಿಸುವಷ್ಟು ಹೆಚ್ಚಾದರೆ ಉಕ್ಕಿನ ಹದ ಹೋಗಿ ನಿಬ್ಬು ಸಡಿಲಾಗ್ತದೆ. ಅದ್ದುವುದು ನಡುವಿನ ತೂತು ಮುಚ್ಚುವಷ್ಟು ಮಾತ್ರ, ಆಮೇಲೆ ಬಾಟಲಿಯ ಬಾಯಿಗೆ ಒಂದು ಮಗ್ಗುಲು ತಾಗಿಸಿ ಹೆಚ್ಚಿನದನ್ನು ಇಳಿಸಿ. ಪುಟಕ್ಕೆ ಹೋಗುವ ಮೊದಲು ಪಕ್ಕದ ಹಾಳೆಯಲ್ಲಿ ಒಂದು ಗೆರೆ, ಪ್ರತಿ ಅದ್ದಿಗೂ. ಮೊದಲ ತೊಟ್ಟು ಅಲ್ಲೇ ಬೀಳಲಿ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಬ್ಬನ್ನು ನೀರಿಗೆ ಅದ್ದಿ ಬಟ್ಟೆಯಲ್ಲಿ ಒರೆಸಬೇಕು. ಅರಗಿನ ಇಂಕು ಒಮ್ಮೆ ಒಣಗಿದರೆ ಬರೀ ನೀರಿಗೆ ಬಗ್ಗೋದಿಲ್ಲ, ಸ್ಪಿರಿಟ್ ಬೇಕು. ಅದೇ ಕಾರಣಕ್ಕೆ ಅದನ್ನು ಫೌಂಟನ್ ಪೆನ್ನಿಗೆ ಯಾವತ್ತೂ ತುಂಬಬಾರದು. ಕೆಲಸ ಮುಗಿದ ಮೇಲೆ ಒರೆಸಿದ ನಿಬ್ಬನ್ನು ಹಿಡಿಯಿಂದ ತೆಗೆದೇ ಇಡಿ. ಹಿಡಿಯ ಒಳಗೆ ನೀರು ನಿಂತು ಒಂದು ವಾರದಲ್ಲಿ ತುಕ್ಕು. ಕಾರವಾರದ ಉಪ್ಪು ಗಾಳಿಗೆ ಅದೂ ಬೇಡ.

ರಾತ್ರಿಯ ಹಿನ್ನೆಲೆಗೆ ಅಡ್ಡ ಹೆಣಿಗೆ ಹಾಕುವಾಗ ಮೊದಲ ಸುತ್ತು ಪೂರ್ತಿ ಒಣಗಿದ ಮೇಲೆ ಎರಡನೇ ಸುತ್ತು. ಹಸಿ ಗೆರೆಯನ್ನು ಗೆರೆ ದಾಟಿದಲ್ಲೆಲ್ಲ ಮೂಲೆಯಲ್ಲಿ ಇಂಕು ನಿಂತು ಹೆಣಿಗೆ ಚುಕ್ಕೆ ಚುಕ್ಕೆಯಾಗ್ತದೆ. ತೀರಾ ಕಿರಿದಾದ ಕೋನದಲ್ಲಿ ದಾಟಿಸಿದರೂ ಹಾಗೇ; 30 ಡಿಗ್ರಿಗಿಂತ ಹೆಚ್ಚಿರಲಿ.


ಒತ್ತಕ್ಷರ (ಹೊನ್ನಾವರ)

ಗುಳ್ಳೆಯ ವಿಷಯಕ್ಕೆ ಬರ್ತೇನೆ. 4 ಮಿ.ಮೀ. ಅಕ್ಷರಕ್ಕೆ 2 ಮಿ.ಮೀ. ಸಂದು ಅನ್ನೋದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಅದರಲ್ಲಿ ಅಕ್ಷರ ಮೇಲೂ ಹೋಗೋದಿಲ್ಲ, ಕೆಳಗೂ ಇಳಿಯೋದಿಲ್ಲ. ನಮ್ಮಲ್ಲಿ ಗುಡಿಸು, ಏತ್ವ ಮೇಲೆ ಏರ್ತವೆ, ಒತ್ತು ಕೆಳಗೆ ಇಳೀತದೆ. "ರಾಷ್ಟ್ರ", "ಸ್ತ್ರೀ", "ಲಕ್ಷ್ಮೀ" ಬಂದರೆ ಎರಡು ಒತ್ತು. ನಿಮ್ಮ ವಸ್ತು ಯಕ್ಷಗಾನ. ಹೆಸರಲ್ಲೇ ಒತ್ತು ಇದೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಎ3 ಹಾಳೆ ಎ4ಗೆ ಇಳಿದರೆ ಎಲ್ಲವೂ ಸುಮಾರು 71 ಪ್ರತಿಶತ ಆಗ್ತದೆ. 4 ಮಿ.ಮೀ. ಅಕ್ಷರ 2.8 ಆಗ್ತದೆ, ಒತ್ತು ಅದರ ಅರ್ಧ. ಓದಲಿಕ್ಕೆ ಭೂತಗನ್ನಡಿ ಬೇಕು. ಮೂಲದಲ್ಲಿ ಅಕ್ಷರದ ಮೈ 5 ಮಿ.ಮೀ. ಇಡಿ. ಮೇಲೆ 2, ಕೆಳಗೆ ಒತ್ತಿಗೆ 4. ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ 11 ಮಿ.ಮೀ. ಈ ಮೂರು ಅಳತೆಯ ಗೀರನ್ನು ಒಂದು ರಟ್ಟಿನ ಪಟ್ಟಿಯ ಅಂಚಿಗೆ ಹಾಕಿಟ್ಟುಕೊಂಡರೆ ಪ್ರತಿ ಸಲ ಸ್ಕೇಲ್ ಬೇಡ. ಗುಳ್ಳೆ ಮೊದಲು ಬರೆದು ಮಾತು ತುರುಕೋದಲ್ಲ, ಮಾತು ಮೊದಲು ಬರೆದು ಸುತ್ತ ಗುಳ್ಳೆ. ಗುಳ್ಳೆಯ ಗೆರೆ ಅಕ್ಷರದಿಂದ ಕನಿಷ್ಠ 4 ಮಿ.ಮೀ. ದೂರ ಇರಲಿ, ಕೊನೇ ಸಾಲಿನ ಒತ್ತನ್ನೂ ಲೆಕ್ಕಕ್ಕೆ ಹಿಡಿದು.

ಕನ್ನಡದ ಉದ್ದದ ಪದ ಒಡೆದರೆ ಓದಲಿಕ್ಕೆ ತೊಡಕು. "ಹೋಗಬೇಕಾಗಿತ್ತಲ್ಲವೇ" ಅನ್ನೋದನ್ನು ಲಂಬವಾದ ಗುಳ್ಳೆಗೆ ಹಾಕಿದರೆ ಗುಳ್ಳೆ ಒಡೀತದೆ ಅಥವಾ ಪದ ಒಡೀತದೆ. ಗುಳ್ಳೆ ಅಗಲವಾಗಿರಲಿ, ಇಲ್ಲಾ ಮಾತು ಗಿಡ್ಡ ಮಾಡಿ: "ಹೋಗ್ಬೇಕಿತ್ತಲ್ದಾ". ಆಡುಮಾತು ಜಾಗವನ್ನೂ ಉಳಿಸ್ತದೆ, ಚೌಕಿಮನೆಯ ಮಾತಿಗೆ ಅದೇ ಸಹಜ ಕೂಡ. ವೇಷ ಕಟ್ಟಿ ರಂಗಕ್ಕೆ ಬಂದ ಮೇಲೆ ಗ್ರಂಥಸ್ಥ ಭಾಷೆ ಬರಲಿ.

ಬರೆಯಲು ಚೂಪು ನಿಬ್ಬು ಬೇಡ. ಅ, ಎ, ಲ, ಣ ಎಲ್ಲವೂ ಸುತ್ತಿ ಮೇಲಕ್ಕೆ ಹೋಗುವ ಅಕ್ಷರ. ಮೇಲಕ್ಕೆ ತಳ್ಳಿದಾಗ ಚೂಪು ತುದಿ ನಾರಿಗೆ ಸಿಕ್ಕಿ ಇಂಕು ಸಿಡೀತದೆ. ತುದಿ ದುಂಡಗಿರುವ ನಿಬ್ಬು ಅಥವಾ 0.5ರ ಪಿಗ್ಮೆಂಟ್ ಪೆನ್ನು. 5 ಮಿ.ಮೀ. ಅಕ್ಷರಕ್ಕೆ 0.8 ಬಳಸಿದರೆ ಣ, ಖ ಇವುಗಳ ಹೊಟ್ಟೆ ಇಳಿಸಿದ ಮೇಲೆ ಮುಚ್ಚಿಹೋಗ್ತದೆ. ಪುಟದಲ್ಲಿ ಮೊದಲು ಅಕ್ಷರ, ಆಮೇಲೆ ಗುಳ್ಳೆ ಮತ್ತು ಚೌಕಟ್ಟು, ಆಮೇಲೆ ಮನುಷ್ಯರು, ಹಿನ್ನೆಲೆ, ಕಟ್ಟಕಡೆಗೆ ಕಪ್ಪು ತುಂಬೋದು. ಕಪ್ಪು ಎಲ್ಲಿ ಅಂತ ಪೆನ್ಸಿಲ್ಲಿನಲ್ಲೇ ಸಣ್ಣ ಗುಣಾಕಾರದ ಗುರುತು ಹಾಕಿಡಿ. ಇಲ್ಲದಿದ್ದರೆ ಮುಂಡಾಸಿನ ಜರಿ ಪಟ್ಟಿಯನ್ನೂ ತುಂಬಿ ಆಮೇಲೆ ಬಿಳಿ ಹುಡುಕುತ್ತಾ ಕೂರಬೇಕು.

ಬಲಗೈಯವರಾದರೆ ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಬನ್ನಿ. ಅಂಗೈ ಅಡಿಗೆ ಬ್ಲಾಟಿಂಗ್ ಪೇಪರ್ ಇರಲಿ. ಕೈಯ ಬೆವರು, ಎಣ್ಣೆ ಕುಡಿದ ಕಾಗದ ಇಂಕನ್ನು ಹತ್ತಿರವೇ ಬಿಟ್ಟುಕೊಳ್ಳೋದಿಲ್ಲ.


ಹಳೇ ಪ್ರೆಸ್ಸು (ಅಂಕೋಲಾ)

ಮುದ್ರಣದ ಕಡೆಯಿಂದ ನಾಲ್ಕು ಮಾತು, ಏಕೆಂದರೆ ಮುದ್ರಣಕ್ಕೆ ಮಾತ್ರ ಹೋಗುವ ಪುಟಕ್ಕೆ ಇಷ್ಟು ರಿಪೇರಿ ಅಗತ್ಯವೇ ಇಲ್ಲ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿ, ಥ್ರೆಶೋಲ್ಡ್ (ಇಷ್ಟಕ್ಕಿಂತ ಗಾಢ ಇದ್ದದ್ದೆಲ್ಲ ಕಪ್ಪು, ಉಳಿದದ್ದು ಬಿಳಿ ಅನ್ನುವ ಮಿತಿ) ಕೊಟ್ಟು ಶುದ್ಧ ಕಪ್ಪು ಬಿಳುಪು ಮಾಡಿದರೆ ಬೂದಾದ ಮುಂಡಾಸು ಕಪ್ಪಾಗ್ತದೆ, ಬಿಳಿಯ ತೇಪೆ ಮಾಯವಾಗ್ತದೆ, ಸಾಸಿವೆ ಚುಕ್ಕೆಯನ್ನು ಪರದೆಯ ಮೇಲೆ ಒರೆಸಬಹುದು. ಬೇರು ಬಿಟ್ಟ ಗೆರೆ ಮಾತ್ರ ಹಾಗೇ ಉಳೀತದೆ, ಅದು ಕಪ್ಪೇ ತಾನೆ. ಹಾಗಾಗಿ ಶ್ರಮ ಹಾಕೋದಿದ್ದರೆ ಹರಡದ ಹಾಗೆ ನೋಡಿಕೊಳ್ಳೋದಕ್ಕೆ ಹಾಕಿ. ಮೂಲ ಪುಟವನ್ನು ಪ್ರದರ್ಶನಕ್ಕೆ ಇಡುವ ಯೋಚನೆ ಇದ್ದರೆ ಅಘನಾಶಿನಿಯವರ ದಾರಿ.

ಸ್ಕ್ಯಾನರ್ ಎ4 ಆದರೆ ಪುಟವನ್ನು ಎರಡು ಭಾಗ ಮಾಡಿ ತೆಗೆಯಬೇಕು, ನಡುವೆ 3 ಸೆಂ.ಮೀ. ಎರಡರಲ್ಲೂ ಬರಲಿ. ಹಪ್ಪಳವಾದ ಹಾಳೆ ಗಾಜಿಗೆ ತಾಗದಲ್ಲಿ ಗೆರೆ ಮಸುಕಾಗ್ತದೆ. ಮೊದಲೇ ಎರಡು ಪ್ಲೈವುಡ್ ಹಲಗೆಯ ನಡುವೆ, ಚೊಕ್ಕ ಒಣ ಹಾಳೆ ಇಟ್ಟು, ತೂಕ ಹೇರಿ ಎರಡು ದಿನ ಬಿಡಿ.

ರಬ್ಬರಿನ ಕಾಟವೇ ಬೇಡ ಅಂದರೆ ತಿಳಿ ನೀಲಿ ಪೆನ್ಸಿಲ್ಲಿನಲ್ಲಿ ಬರೆದು ಅದರ ಮೇಲೆ ಇಂಕು ಹಾಕಿ, ಅಳಿಸಲೇಬೇಡಿ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ನೀಲಿ ಚಾನೆಲ್ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ನೀಲಿಯದು) ಒಂದನ್ನೇ ಇಟ್ಟುಕೊಂಡರೆ ನೀಲಿ ಗೆರೆ ಬಿಳಿಯಲ್ಲಿ ಕರಗ್ತದೆ, ಕಪ್ಪು ಉಳೀತದೆ. ಮೇಣದ ಅಂಶ ಜಾಸ್ತಿ ಇರುವ ಅಗ್ಗದ ಬಣ್ಣದ ಪೆನ್ಸಿಲ್ ಬೇಡ, ಅದರ ಮೇಲೆ ಇಂಕು ಜಾರ್ತದೆ.

ಗೆರೆ ತೀರಾ ತೆಳುವಾದರೂ ಕಷ್ಟ. 0.1 ಮಿ.ಮೀ. ಗೆರೆ ಇಳಿಸಿದರೆ 0.07, ಅರ್ಧ ಕಡೆ ಹಾರಿಹೋಗ್ತದೆ. ಮೂಲದಲ್ಲಿ 0.2ಕ್ಕಿಂತ ಕಡಿಮೆ ಬೇಡ. ಹೆಣಿಗೆಯ ಗೆರೆಗಳ ನಡುವೆ 0.7 ಮಿ.ಮೀ. ಆದರೂ ಬಿಳಿ ಇರಲಿ, ನ್ಯೂಸ್‌ಪ್ರಿಂಟ್ ಆದರೆ 1 ಮಿ.ಮೀ.; ಆ ಕಾಗದದಲ್ಲಿ ಮುದ್ರಣದ ಇಂಕೂ ಹರಡ್ತದೆ. ಝೆರಾಕ್ಸ್ ಪ್ರತಿ ಮಾಡುವವರಿಗೆ ಇನ್ನೊಂದು ಎಚ್ಚರ: ಅಂಗೈ ಅಗಲದ ಕಪ್ಪು ಝೆರಾಕ್ಸಿನಲ್ಲಿ ಪಟ್ಟೆ ಪಟ್ಟೆ ಬರ್ತದೆ. ಆಕಾಶವನ್ನು ಪೂರ್ತಿ ಕಪ್ಪು ಮಾಡೋದಕ್ಕಿಂತ ದಪ್ಪ ಗೆರೆಯ ಹೆಣಿಗೆ ಮೇಲು.


ಚಪ್ಪರ (ಯಲ್ಲಾಪುರ)

ನಡುವೆ ಬಾಯಿ ಹಾಕ್ತೇನೆ. ದೀಪದ ಕಾಡಿಗೆಯಿಂದ ಇಂಕು ಮನೆಯಲ್ಲೇ ಮಾಡಿದರೆ ಹೇಗೆ? ಹಿಂದೆ ಎಲ್ಲ ಹಾಗೇ ಬರೀತಿದ್ರಲ್ಲ.


ಮಸಿಕುಡಿಕೆ (ಶಿರಸಿ)

ಬರೀತಿದ್ರು, ನಿಜ. ನಮ್ಮ ಹಳೇ ಕಾಲದ ಲೆಕ್ಕದ ಕಡತವಂತೂ ಅದರ ಉಲ್ಟಾ: ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಲ ಪುಡಿ ಬಳಿದು ಕಪ್ಪು ಮಾಡಿ ಬಳಪದಿಂದ ಬಿಳಿ ಬರೆಯೋದು. ತಪ್ಪಾದರೆ ಒರೆಸಿದರೆ ಆಯ್ತು, ವೈಟ್ನರ್ ಗೊಡವೆ ಇಲ್ಲ!

ಚಿತ್ರಕಥೆಗೆ ಮನೆಯ ಕಾಡಿಗೆ ಕಷ್ಟ. ಕಾಡಿಗೆ ನೀರನ್ನು ಒಲ್ಲದು. ಗೋಂದಿನ ನೀರಿನ ಜೊತೆ ಗಂಟೆಗಟ್ಟಲೆ ಅರೆಯಬೇಕು, ಇಲ್ಲದಿದ್ದರೆ ಕಾಳು ಉಳಿದು ನಿಬ್ಬು ಕಟ್ತದೆ. ಗೋಂದು ಮತ್ತೆ ನೀರು ತಾಗಿದರೆ ಕರಗ್ತದೆ, ಅಂದರೆ ಮಳೆಗಾಲದಲ್ಲಿ ಬೆವರಿದ ಕೈ ತಾಗಿದರೂ ಪುಟ ಮಸಿಮಯ. ಬಾಟಲಿಯಲ್ಲಿ ನಾಲ್ಕು ದಿನಕ್ಕೆ ಬೂಷ್ಟು. ಬ್ರಶ್ಶಿನಲ್ಲಿ ಅಭ್ಯಾಸಕ್ಕೆ ಅಡ್ಡಿ ಇಲ್ಲ.

ದೇವಬಾಗದವರಿಗೆ ಒಂದು: ಆ ಮೂರು ಪಟ್ಟಿ ಬಿಸಾಡಬೇಡಿ. ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಹಾಳೆ, ಇಂಕು, ನಿಬ್ಬು, ಮಳೆಯೋ ಬಿಸಿಲೋ ಅಂತ ಬರೆದು ಒಂದು ಫೈಲಿಗೆ ಹಾಕಿ. ಪ್ರತಿ ಪುಟದ ಹಿಂದೆಯೂ ಅದೇ. ಎಂಟನೇ ಪುಟಕ್ಕೆ ಬರುವಾಗ ಹೊಸ ತಪ್ಪು ಬಂದರೆ ಹಿಂದಿನ ಏಳರಲ್ಲಿ ಯಾವುದು ಬದಲಾಗಿದೆ ಅಂತ ಹಾಳೆ ತಿರುಗಿಸಿ ನೋಡಿದರೆ ಸಾಕು.


ದೇವಬಾಗ ದಂಡೆ (ಕಾರವಾರ)

ಆಯ್ತು. ಎರಡೂ ಪುಟ ಉಳಿಸ್ತೇನೆ. ಮೊದಲನೇ ಪುಟದ ಭಾಗವತರ ಮುಖಕ್ಕೆ ತೇಪೆ, ಮುಂಡಾಸಿಗೆ ಇನ್ನೊಂದು ಕೋಟು. ಎರಡನೇ ಪುಟದ ಗುಳ್ಳೆಗಳು 11 ಮಿ.ಮೀ. ಲೆಕ್ಕಕ್ಕೆ ಹಿಡಿಸೋದಿಲ್ಲ, ಅಲ್ಲಿ ಮಾತನ್ನೇ ಗಿಡ್ಡ ಮಾಡ್ತೇನೆ. ಮೂರನೇ ಪುಟದಿಂದ ನೀಲಿ ಪೆನ್ಸಿಲ್. ಹಾಳೆಯ ಕಟ್ಟು ಈಗ ಡಬ್ಬಿಯಲ್ಲಿದೆ. ಸಿಲಿಕಾ ಜೆಲ್ ಒಂದೇ ರಾತ್ರಿಗೆ ಹಸಿರು.


ಅಘನಾಶಿನಿ (ಕುಮಟಾ)

ಒಂದೇ ರಾತ್ರಿಗೆ ಹಸಿರಾದರೆ ಮುಚ್ಚಳದ ರಬ್ಬರ್ ನೋಡಿ, ಗಾಳಿ ಎಳೀತಾ ಇರಬಹುದು. ಅದು ಸರಿ ಇದ್ದರೆ ಹಾಳೆಯೇ ಅಷ್ಟು ನೀರು ಹಿಡಿದಿತ್ತು. ಜೆಲ್ ಕಾಯಿಸಿ ಮತ್ತೆ ಹಾಕಿ, ಎರಡನೇ ಸಲ ಬಣ್ಣ ನಿಧಾನಕ್ಕೆ ತಿರುಗ್ತದೆ.